ಪೇಟಿ ಮಾಸ್ತರ ಎಡಗೆನ್ನೆ

ಬಳ್ಳಾರಿ ಕಡೆಯ ಗಣ್ಯರಲ್ಲಿ ಸುನಂದಾಳ ಕೈಯಲ್ಲಿ ಕುತ್ತಿಗೆ ಕೊಯ್ಯಿಸಿಕೊಳ್ಳದವರು ಯಾರಾದರೂ ಉಳಿದಿದ್ದರೆ, ಅವರು ಇನ್ನೂ ಗಣ್ಯರಾಗಿಲ್ಲ ಎಂದೇ ಲೆಕ್ಕ. ಕೌಲ್‌ಬಜಾರಿನ ಒಂದು ಸಂದಿಯಲ್ಲಿ, ಜೀನ್ಸ್ ಹೊಲಿಯುವವರ ಮಳಿಗೆಗೂ ಮಿರ್ಚಿ ಅಂಗಡಿಗೂ ನಡುವೆ, ‘ಪೂಜಿತಾ ಗ್ರಾಫಿಕ್ಸ್’ ಎಂಬ ಬೋರ್ಡಿನ ಕೆಳಗೆ ಕೂತು ಅವಳು ಮಾಡುತ್ತಿದ್ದದ್ದು ಅದನ್ನೇ. ಫೋಟೋದಲ್ಲಿದ್ದ ಮನುಷ್ಯನನ್ನು ಮದುವೆ ಮಂಟಪದಿಂದಲೋ ಹೆಂಡತಿಯ ಪಕ್ಕದಿಂದಲೋ ಬೈಕಿನ ಮೇಲಿಂದಲೋ ಕತ್ತರಿಸಿ ತೆಗೆದು, ಬಣ್ಣ ತಿದ್ದಿ, ಬ್ಯಾನರಿನ ಮೇಲೆ ಕೂರಿಸುವುದು. ನಾಟಕ ಸಂಘ, ಭಜನಾ ಮಂಡಳಿ, ಯುವಕ ಸಂಘ, ಮಹಿಳಾ ಮಂಡಳ, ಬುದ್ಧಪೂರ್ಣಿಮೆಯ ಸಮಿತಿ, ಯಾರೇ ಬರಲಿ, ವಿಷಯ ಎರಡು ಸಾಲು, ಮುಖಗಳು ಒಂದು ಚೀಲ.

ಈ ಮುಖಗಳಿಗೂ ಒಂದು ಶಾಸ್ತ್ರವುಂಟು. ಅಧ್ಯಕ್ಷರ ತಲೆ ಕುಂಬಳಕಾಯಿಯಷ್ಟು, ಉಪಾಧ್ಯಕ್ಷರದು ತೆಂಗಿನಕಾಯಿಯಷ್ಟು, ಸದಸ್ಯರದು ನಿಂಬೆಹಣ್ಣಿನಷ್ಟು. ಅರ್ಧದಷ್ಟು ಮಂದಿ ಕೈಮುಗಿದಿರಬೇಕು, ಉಳಿದವರು ಕಿವಿಗೆ ಫೋನು ಹಿಡಿದಿರಬೇಕು. ಎಲ್ಲರೂ ಬೆಳ್ಳಗಿರಬೇಕು, ಬಳ್ಳಾರಿಯ ಬಿಸಿಲು ಒಂದು ಜನ್ಮವಿಡೀ ಕಷ್ಟಪಟ್ಟು ಮಾಡಿದ ಕೆಲಸವನ್ನು ಸುನಂದಾ ಮೌಸಿನ ಒಂದೇ ಎಳೆತಕ್ಕೆ ಅಳಿಸಿ ಹಾಕಬೇಕು. ಇಷ್ಟು ಜನರ ನಡುವೆ, ಕಾರ್ಯಕ್ರಮ ಯಾರದೋ ಅವರಿಗೆ ಜಾಗ ಉಳಿದರೆ ಉಳಿಯಿತು. ಹೋದ ವರ್ಷ ಕೊಳಗಲ್ಲಿನಲ್ಲಿ ನಿವೃತ್ತಳಾದ ನರ್ಸಮ್ಮನಿಗೆ ಸನ್ಮಾನ ಮಾಡಿದಾಗ, ಅವಳ ಮುಖ ಬ್ಯಾನರಿನ ಮೂಲೆಯಲ್ಲಿ ಹಗ್ಗ ಕಟ್ಟುವ ತೂತಿನ ಮೇಲೇ ಬಿದ್ದಿತ್ತು. ಪಾಪ, ಆ ಹೆಂಗಸು ಬ್ಯಾನರಿನ ಮುಂದೆ ನಿಂತು, ಇವತ್ತು ಯಾರ ಕಾರ್ಯಕ್ರಮ ಅಂತ ಪಕ್ಕದವರನ್ನು ಕೇಳಿದಳಂತೆ.

ಸುನಂದಾಳ ಗಂಡ ವಿಜಯಕುಮಾರ ತೋರಣಗಲ್ಲಿನ ಕಡೆ ಪಾಳಿಯ ಕೆಲಸದವನು. ಅವನು ಎದ್ದಿದ್ದಾಗ ಇವಳು ಅಂಗಡಿಯಲ್ಲಿ, ಇವಳು ಮನೆಯಲ್ಲಿದ್ದಾಗ ಅವನು ನಿದ್ದೆಯಲ್ಲಿ. ಹಾಗಾಗಿ ಮಗಳು ಪೂಜಿತಾ ದಿನಾ ಶಾಲೆ ಬಿಟ್ಟ ಮೇಲೆ ಅಂಗಡಿಯ ಮೇಜಿನ ಕೆಳಗೇ ಬೆಳೆಯುತ್ತಿದ್ದಳು. ಮೂರನೇ ತರಗತಿಯ ಆ ಹುಡುಗಿ ಒಂದು ದಿನ ರಾಯಲ್ ಸರ್ಕಲ್ಲಿನಲ್ಲಿ ತಾಯಿಯ ಬ್ಯಾನರೊಂದನ್ನು ತಲೆಯೆತ್ತಿ ಬಹಳ ಹೊತ್ತು ನೋಡಿ, “ಅಮ್ಮಾ, ಅದರಾಗ ನೀನು ಮಾಡಿದ್ದು ಯಾವುದು?” ಅಂದಳು.

ಸುನಂದಾ ಹುಡುಕಿದಳು. ಹಿಂದಿನ ಹೊಂಬಣ್ಣ ಗಿರಾಕಿ ಹೇಳಿದ್ದು. ಕಮಲದ ಹೂವು ಹಳೆಯ ಕೆಲಸದಿಂದ ಎತ್ತಿದ್ದು. ಮುಖಗಳು ಅವರವರ ಅಪ್ಪ ಅಮ್ಮ ಮಾಡಿದ್ದು. ಕೊನೆಗೆ ಮಗಳಿಗೆ ಮಿರ್ಚಿ ಕೊಡಿಸಿ ಬಾಯಿ ಮುಚ್ಚಿಸಿದಳು. ಆದರೆ ಪ್ರಶ್ನೆ ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಬಿದ್ದ ಮೆಣಸಿನ ಬೀಜದ ಹಾಗೆ ಅಲ್ಲೇ ಕೂತಿತು.

ಸಿರುಗುಪ್ಪದ ತುಂಗಾತೀರ ನಾಟ್ಯ ಸಂಘದವರು ಬಂದದ್ದು ಅದೇ ಸುಮಾರಿಗೆ. ಅಧ್ಯಕ್ಷರು ಗಾದಿಲಿಂಗಪ್ಪ, ಅಕ್ಕಿ ಗಿರಣಿಯ ಸಾವ್ಕಾರರು. ಪ್ರತಿ ವರ್ಷದ ನಾಟಕದಲ್ಲೂ ಊರನ್ನು ಹಿಂಸಿಸುವ ಖಳನಾಯಕ ದೇಸಾಯಿಯ ಪಾತ್ರ ಅವರದೇ, ಮೀಸೆಯೂ ಸ್ವಂತದ್ದೇ. ಕಾರ್ಯದರ್ಶಿ ಹುಲುಗೇಶ್, ಮೊಮ್ಮಕ್ಕಳಾದರೂ ನಾಯಕನ ಪಾತ್ರ ಬಿಡದವನು. ಅವರ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿ, ಮಾತು ಕಲಿಸಿ, ಮರೆತಾಗ ಎತ್ತಿಕೊಡುತ್ತ ಬಂದ ಕುರುಗೋಡಿನ ಪೇಟಿ ಮಾಸ್ತರು ಹಂಪಯ್ಯನವರಿಗೆ ಸನ್ಮಾನ. ದೇಶನೂರಿನಿಂದ ರಾರಾವಿಯವರೆಗೆ ಅವರ ಕೈಯಲ್ಲಿ ಪಾಠ ಹೇಳಿಸಿಕೊಳ್ಳದ ಪಾತ್ರಧಾರಿ ಇರಲಿಲ್ಲ. ಇಪ್ಪತ್ತು ಅಡಿ ಎತ್ತರದ ಬ್ಯಾನರು ಬೇಕು, ಸಂಘದ ನಲವತ್ತೆರಡೂ ಜನರ ಮುಖ ಇರಬೇಕು ಅಂತ ಹುಲುಗೇಶ್ ಫೋನು ತೆಗೆದು ಮುಖಗಳನ್ನು ಸುರಿಯಲು ತಯಾರಾದ.

ಸುನಂದಾ ಹಳೆಯ ಕೆಲಸದ ನಲವತ್ತು ಮುಖಗಳನ್ನು ಪರದೆಯ ಮೇಲೆ ಸುತ್ತಲೂ ಹರಡಿ, ನಡುವೆ ಒಬ್ಬ ಮುದುಕನ ಚಿತ್ರ ಇಟ್ಟು, ಸಾವ್ಕಾರರ ಕಡೆ ತಿರುಗಿಸಿದಳು. ಕಳ್ಳನನ್ನು ಹಿಡಿದು ಊರೆಲ್ಲ ಸುತ್ತುವರಿದ ಹಾಗಿತ್ತು. ಗಾದಿಲಿಂಗಪ್ಪ ಹೊಟ್ಟೆ ಕುಣಿಸಿ ನಕ್ಕರು. ನಗು ಮುಗಿಯುವುದರೊಳಗೆ ಸುನಂದಾ ಎಲ್ಲ ಮುಖಗಳನ್ನೂ ಅಳಿಸಿ ಮುದುಕನೊಬ್ಬನನ್ನೇ ಪರದೆಯ ತುಂಬ ದೊಡ್ಡದು ಮಾಡಿದಳು. ಹೀಗೆ ಒಂದೇ ಮುಖ ನಿಲ್ಲಿಸಿದರೆ, ಇಷ್ಟು ದೊಡ್ಡ ಮನಸ್ಸಿನ ಅಧ್ಯಕ್ಷ ಯಾರಪ್ಪಾ ಅಂತ ಸಿರುಗುಪ್ಪವೇ ವಿಚಾರಿಸುತ್ತದೆ ಅಂದಳು. ಸಾವ್ಕಾರರಿಗೆ ತಮ್ಮ ಮುಖ ಇಲ್ಲದಿರುವುದರಲ್ಲೂ ಒಂದು ಪ್ರಚಾರವಿದೆ ಎಂಬುದು ಮೊದಲ ಬಾರಿಗೆ ಹೊಳೆಯಿತು. ಹುಲುಗೇಶನ ಮುಖ ಮಾತ್ರ ಉಪ್ಪಿಲ್ಲದ ಸಾರಿನ ಹಾಗಾಯಿತು.

“ಆಗಲಿ ಸುನಂದಮ್ಮ,” ಅಂದರು ಗಾದಿಲಿಂಗಪ್ಪ. “ಆದ್ರ ಒಂದು ಮಾತು. ಮುಖ ಒಂದ ಇದ್ರ ಆ ಮುಖ ಮಾತಾಡಬೇಕು. ಮೂಕ ಆತಂದ್ರ, ನಮ್ಮ ನಲವತ್ತೆರಡು ಮಂದೀನೂ ಮತ್ತ ಕುಂದ್ರಸ್ತೀನಿ. ಆಮೇಲೆ ನನಗ ಅನಬ್ಯಾಡ.”

ಅವರು ಹೋದ ಮೇಲೆ ಸುನಂದಾ ಹೊರಗೆ ಬಂದು ಗುಡ್ಡದ ಕಡೆ ನೋಡುತ್ತ ಒಂದು ಚಹಾ ಕುಡಿದಳು. ಇಷ್ಟು ವರ್ಷದಲ್ಲಿ ಅದೊಂದೇ ಚಹಾ ಅವಳು ಬಿಸಿ ಇರುವಾಗಲೇ ಕುಡಿದದ್ದು.

ಕಡಲೆ ಸಿಕ್ಕಿತು, ಹಲ್ಲಿಲ್ಲ ಅಂತಾರಲ್ಲ, ಹಾಗಾಯಿತು. ಒಂದೇ ಮುಖಕ್ಕೆ ಒಪ್ಪಿಗೆ ಸಿಕ್ಕಿತು, ಆ ಮುಖವೇ ಸಿಗಲಿಲ್ಲ. ಸಂಘದವರು ಕಳಿಸಿದ ಫೋಟೋಗಳೆಲ್ಲ ನಾಟಕದವು, ಜನರ ನಡುವೆ ಕೂತು ತೆಗೆದವು. ನಡುವೆ ದೇಸಾಯಿ ಗರ್ಜಿಸುತ್ತಿದ್ದಾನೆ, ನಾಯಕ ಎದೆಯುಬ್ಬಿಸಿದ್ದಾನೆ. ರಂಗದ ಅಂಚಿನಲ್ಲಿ, ಪೇಟಿಯ ಹಿಂದೆ, ಪಾತ್ರಧಾರಿಗಳ ಕಡೆ ತಿರುಗಿ ಕೂತ ಮಾಸ್ತರ ಬಲಗೆನ್ನೆ, ಬಲಗಿವಿ, ಅಷ್ಟೇ. ಕೆಲವದರಲ್ಲಿ ಕಿವಿಯನ್ನೂ ಪರದೆ ತಿಂದಿತ್ತು. ಒಂದರಲ್ಲಿ ಪೇಟಿ ಮತ್ತು ಬೆರಳು ಮಾತ್ರ. ಊರೆಲ್ಲ ಫೋನು ಹಿಡಿದು ತಿರುಗುವ ಈ ಕಾಲದಲ್ಲಿ, ಸಾವಿರಾರು ಜನರ ಮುಂದೆ ಕೂತ ಮನುಷ್ಯನ ಒಂದು ನೆಟ್ಟಗಿನ ಫೋಟೋ ಯಾರ ಹತ್ತಿರವೂ ಇರಲಿಲ್ಲ.

ಕೇಳಿ ತೆಗೆಸೋಣವೆಂದರೆ ಅದೂ ಆಗದು. ಸನ್ಮಾನ ಅಂದರೆ ಮಾಸ್ತರು ಓಡಿ ಹೋಗುವ ಗಿರಾಕಿ. ಹಿಂದೊಮ್ಮೆ ಕಂಪ್ಲಿ ಕಡೆಯವರು ಶಾಲು ಹಿಡಿದು ನಿಂತಾಗ, ಮೂತ್ರಕ್ಕೆ ಹೋಗಿ ಬರುತ್ತೇನೆಂದು ಹೋದವರು ಬಸ್ಸು ಹತ್ತಿದ್ದರು. ಹಾಗಾಗಿ ಈ ಸಲ ಗುಟ್ಟು. ಆ ದಿನ ಸಂಘದ ಪೇಟಿಯ ರೀಡು ಕೆಟ್ಟಿದೆ ಎಂದು ಸುಳ್ಳು ಹೇಳಿ ಕರೆಸುವುದೆಂದು ತೀರ್ಮಾನವಾಗಿತ್ತು.

ಸುನಂದಾ ಪೂಜಿತಾಳನ್ನು ಕರೆದುಕೊಂಡು ಕುರುಗೋಡಿನ ಬಸ್ಸು ಹತ್ತಿದಳು. ಮಗಳಿಗೆ ಹಾಡು ಕಲಿಸಬೇಕು ಎಂಬ ನೆಪ. ಪೂಜಿತಾಳ ಕಂಠ ಹೇಗಿತ್ತೆಂದರೆ, ಅವಳು ಹಾಡಿದರೆ ಪಕ್ಕದ ಜೀನ್ಸಿನವರು ಮಷಿನ್ನಿಗೆ ಎಣ್ಣೆ ಹಾಕುತ್ತಿದ್ದರು. ಆದರೂ ನೆಪ ನೆಪವೇ.

ಹಂಪಯ್ಯ ಮಾಸ್ತರ ಮನೆ ದೊಡ್ಡ ಬಸವೇಶ್ವರನ ಗುಡಿಯ ಹಿಂದಿನ ಓಣಿಯಲ್ಲಿ. ಬಾಗಿಲಲ್ಲೇ ಎದುರುಗೊಂಡು, “ಬರ್ರಿ ತಾಯಿ, ಕುಂದರ್ರಿ. ಬಿಸಲಾಗ ಕೂಸಿನ್ನ ಕರ್ಕಂಡು ಬಂದೀರಿ,” ಅಂತ ತಮ್ಮ ಬಲಗಡೆಗೆ ಚಾಪೆ ಹಾಸಿ ಸುನಂದಾಳನ್ನು ಕೂರಿಸಿದರು. ಕಲಿಯಲು ಬಂದವಳನ್ನು ಎಡಗಡೆಗೆ, ಗೋಡೆಯ ಕಡೆಯ ಕತ್ತಲಿಗೆ ಕರೆದರು. ಸುನಂದಾ ಕಂಡದ್ದು ಒಬ್ಬ ಋಷಿಯನ್ನು. ಬಾಗಿಲ ಬೆಳಕು ಬಲಗೆನ್ನೆಯ ಮೇಲೆ ತುಪ್ಪ ಸವರಿದ ಹಾಗೆ ಬಿದ್ದಿತ್ತು. ಕಣ್ಣಿನಲ್ಲಿ ಹಸುವಿನ ಕಣ್ಣಿನ ತಂಪು. ಕೆನ್ನೆಯ ಮೇಲೆ ಒಂದು ಕರಿಯ ಮಚ್ಚೆ. ಪೇಟಿಯ ಫೋಟೋ ತೆಗೆದುಕೊಳ್ಳುತ್ತೇನೆ ಎಂದು ಹೇಳಿ, ಅವರು ಒಂದು ಕ್ಷಣ ಇತ್ತ ತಿರುಗಿದಾಗ ಅವಳು ಮೂರ್ನಾಲ್ಕು ಸಲ ಮುಖವನ್ನೇ ಫೋನಿನಲ್ಲಿ ಹಿಡಿದಳು.

ಅತ್ತ ಪಾಠ ಶುರುವಾಗಿ ಎರಡು ಸ್ವರ ಆಗುವುದರೊಳಗೆ ಪೂಜಿತಾ ಎದ್ದು ಬಂದು ತಾಯಿಯ ಸೆರಗು ಹಿಡಿದಳು. ಮಾಸ್ತರು ಕೂಗಲೂ ಇಲ್ಲ, ಬಯ್ಯಲೂ ಇಲ್ಲ. ಆದರೂ ಹುಡುಗಿಯ ಕಣ್ಣು ತುಂಬಿತ್ತು. ಬಸ್ಸಿನಲ್ಲಿ ಕೇಳಿದರೆ, “ನಾ ಆ ತಾತನ ಹತ್ರ ಹೋಗಂಗಿಲ್ಲ. ಆತ ಗೋಡಿ ಕಡೆ ಬೈತಾನ,” ಅಂದಳು. ಗೋಡೆಗೆ ಯಾರಾದರೂ ಬಯ್ಯುತ್ತಾರೇನೇ ಅಂತ ಸುನಂದಾ ಗದರಿಸಿ, ಕಿಟಕಿಗೆ ತಲೆ ಆನಿಸಿ ನಿದ್ದೆಹೋದಳು. ತಾಯಂದಿರು ಕೇಳಿಸಿಕೊಳ್ಳದ ಮಾತುಗಳನ್ನೆಲ್ಲ ಒಂದು ಕಡೆ ಕೂಡಿಹಾಕಿದರೆ ಸಿರುಗುಪ್ಪದ ಗಿರಣಿಗಳು ಸಾಲವು.

ಅಂಗಡಿಗೆ ಬಂದು ತೆರೆದು ನೋಡಿದರೆ ಬಲ ಅರ್ಧ ಬಂಗಾರ, ಎಡ ಅರ್ಧ ಕಾಡಿಗೆ. ಗೋಡೆಯ ನೆರಳು ಎಡಗಣ್ಣು, ಎಡಗೆನ್ನೆ ಎಲ್ಲವನ್ನೂ ನುಂಗಿತ್ತು. ಇದಕ್ಕೆ ಕಸುಬಿನಲ್ಲಿ ಒಂದು ಸುಲಭದ ಮದ್ದುಂಟು. ಇರುವ ಅರ್ಧವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಇಲ್ಲದ ಅರ್ಧಕ್ಕೆ ಜೋಡಿಸುವುದು. ಸುನಂದಾ ಅದನ್ನೇ ಮಾಡಿದಳು. ಮಚ್ಚೆ ಎರಡಾಯಿತು, ಒಂದನ್ನು ಒರೆಸಿದಳು. ಅಭ್ಯಾಸಬಲದಿಂದ ಕೈ ಬಣ್ಣ ಬೆಳ್ಳಗೆ ಮಾಡಲು ಹೋಯಿತು. ತನ್ನ ಕೈಗೆ ತಾನೇ ಒಂದು ಏಟು ಕೊಟ್ಟು ಹಿಂದಕ್ಕೆ ಎಳೆದುಕೊಂಡಳು. ಕೊನೆಗೆ ಪರದೆಯ ಮೇಲೆ ಮೂಡಿದ ಮುಖ ಎಷ್ಟು ಶಾಂತವಾಗಿತ್ತೆಂದರೆ, ಮಿರ್ಚಿ ಅಂಗಡಿಯವನು ಎಣ್ಣೆ ಕೈಯಲ್ಲೇ ನಮಸ್ಕಾರ ಮಾಡಿದ. ಬ್ಯಾನರಿನಲ್ಲಿ ಅದೊಂದು ಮುಖ, ಕೆಳಗೆ ಹೆಸರು, ಊರು. ಅಷ್ಟೇ. ಮುದ್ರಿಸಿ ಸುರುಳಿ ಸುತ್ತುವಾಗ ಅವಳಿಗೆ ಮಗಳನ್ನು ಎದುರು ನಿಲ್ಲಿಸಿ ತೋರಿಸುವ ಅವಸರವೇ ಹೆಚ್ಚಾಗಿತ್ತು.

ಸನ್ಮಾನದ ದಿನ ಬೆಳಿಗ್ಗೆ ತಾಯಿ ಮಗಳು ಸಿರುಗುಪ್ಪಕ್ಕೆ ಹೋದರು. ಬಯಲು ರಂಗಮಂದಿರದ ಮುಂದೆ ಬೊಂಬು ಕಟ್ಟಿ ಬ್ಯಾನರು ಏರಿಸಿದ್ದೇ ತಡ, ಗಿರಣಿಗೆ ಹೊರಟಿದ್ದ ಹಮಾಲರು ನಿಂತರು. ನಾಟಿ ಕೆಲಸಕ್ಕೆ ಹೊರಟಿದ್ದ ಹೆಂಗಸರು ಆಟೋ ನಿಲ್ಲಿಸಿದರು. ಎದುರಿಗೇ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುವ ಹೊನ್ನೂರಮ್ಮ, ಸಿರುಗುಪ್ಪದ ಯಾವ ನಾಟಕವನ್ನೂ ತಪ್ಪಿಸದವಳು, ಜಾಲರಿ ಸೌಟು ಎತ್ತಿಹಿಡಿದು, “ನೋಡ್ರೇ, ನಮ್ಮ ಪೇಟಿ ಮಾಸ್ತರು, ದೇವರು ಕುಂತಂಗ ಕುಂತಾನ,” ಅಂದಳು. ಸುನಂದಾಳಿಗೆ ಮೈ ಹಗುರವಾಯಿತು.

ಆಮೇಲೆ ಸಂಘದವರು ಬಂದರು.

ಮೊದಲು ಬಂದವನು ಜಡೆಪ್ಪ, ನಾಟಕದಲ್ಲಿ ಹಾಸ್ಯದ ಆಳಿನ ಪಾತ್ರದವನು. ಬ್ಯಾನರನ್ನು ಮೇಲಿಂದ ಕೆಳಗೆ ನೋಡಿ, ಮಾಸ್ತರ ಫ್ಲೆಕ್ಸು ಇನ್ನೂ ಬಂದಿಲ್ಲವೇ ಅಂತ ಕೇಳಿದ. ಸುನಂದಾ ತಮಾಷೆ ಅಂದುಕೊಂಡಳು. ಎರಡನೆಯವನು, ಇದು ಯಾವ ಮಠದ ಸ್ವಾಮಿಗಳು ಅಂದ. ಮೂರನೆಯವನು ಕೆಳಗಿನ ಹೆಸರು ಓದಿ, ಹೆಸರು ನಮ್ಮದೇ, ಮುಖ ಬೇರೆ ಕಡೆಯದು ಬಂದಿದೆ ಅಂತ ತೀರ್ಪು ಕೊಟ್ಟ. ಅಷ್ಟರಲ್ಲಿ ಗಾದಿಲಿಂಗಪ್ಪನವರ ಜೀಪು ಬಂತು. ಅವರು ಇಳಿದು, ಮೀಸೆ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ ನಿಂತರು.

“ಸುನಂದಮ್ಮ,” ಅಂದರು, “ನಾನು ಈ ಮನುಷ್ಯನ ಮುಖ ನೋಡ್ಕೋತ ದೇಸಾಯಿ ಪಾತ್ರ ಮಾಡ್ಕೋತ ಬಂದೀನಿ. ಈ ಮುಖ ನೋಡಿದ್ರ ನನಗ ಒಂದು ಮಾತೂ ನೆಪ್ಪಾಗವಲ್ದು. ಇದು ಮಾಸ್ತರ ಅಲ್ಲ.”

ಹೊನ್ನೂರಮ್ಮ ಬಾಣಲೆ ಬಿಟ್ಟು ಎದ್ದು ಬಂದಳು. ಸಾವ್ಕಾರರ ಕಣ್ಣಿಗೆ ಪೊರೆ ಬಂದಿದೆ, ಬಳ್ಳಾರಿಗೆ ಹೋಗಿ ತೆಗೆಸಿಕೊಳ್ಳಲಿ ಅಂದಳು. ಅವರು, ಮಿರ್ಚಿ ಹೊಗೆಗೆ ನಿನ್ನ ಕಣ್ಣೇ ಹೋಗಿದೆ ಅಂದರು. ನೋಡುನೋಡುತ್ತ ರಸ್ತೆ ಎರಡು ಪಕ್ಷವಾಯಿತು. ಹಮಾಲರು, ಆಟೋದ ಹೆಂಗಸರು, ಹೂ ಮಾರುವವರು ಎಲ್ಲ ಒಂದು ಕಡೆ: ಇವರೇ ಮಾಸ್ತರು, ಬೇಕಾದರೆ ಮಕ್ಕಳ ಮೇಲೆ ಆಣೆ. ಸಂಘದ ಪಾತ್ರಧಾರಿಗಳೆಲ್ಲ ಇನ್ನೊಂದು ಕಡೆ: ನಾವು ದಿನಾ ಅವರ ಎದುರು ನಿಂತವರು, ಇವರು ಯಾರೋ. ಒಂದೇ ಮುಖದ ವಿಷಯದಲ್ಲಿ ಊರು ಹೀಗೆ ಒಡೆದದ್ದನ್ನು ಸುನಂದಾ ಚುನಾವಣೆಯಲ್ಲೂ ನೋಡಿರಲಿಲ್ಲ.

ಈ ಗದ್ದಲದಲ್ಲಿ ಹುಲುಗೇಶ್ ಮಾತ್ರ ಮೆಲ್ಲಗೆ ಗಿರಣಿಯ ಲಾರಿಯ ಹತ್ತಿರ ಹೋಗಿ ಒಂದು ಸುರುಳಿ ಎಳೆದು ತಂದ. ಇರಲಿ ಅಂತ ಮೊದಲೇ ಬೇರೆ ಕಡೆ ಮಾಡಿಸಿಟ್ಟಿದ್ದನಂತೆ. ಬಿಚ್ಚಿ ನೆಲಕ್ಕೆ ಹಾಸಿದರೆ ನಲವತ್ತೆರಡು ಮುಖ, ನಟ್ಟನಡುವೆ ಹುಲುಗೇಶನದೇ, ಮೂವತ್ತು ವರ್ಷದ ಹಿಂದಿನದು. ಮಾಸ್ತರ ಫೋಟೋ ಸಿಗದ ಕಾರಣ ಅವರ ಜಾಗದಲ್ಲಿ ಒಂದು ಹಾರ್ಮೋನಿಯಂ ಚಿತ್ರ ಹಾಕಿಸಿದ್ದ. ಅದೂ ಮೂಲೆಯಲ್ಲಿ. ಹಗ್ಗದ ತೂತಿನ ಮೇಲೆ.

ಗಾದಿಲಿಂಗಪ್ಪ ಅದನ್ನೂ ನೋಡಿದರು, ಇದನ್ನೂ ನೋಡಿದರು. ಅವರಿಗೂ ಸಂಕಟವೇ. ಆದರೆ ಮಾತು ಮಾತು: ಮುಖ ಮೂಕವಾಗಿದೆ, ಇಳಿಸಿರಿ ಅಂದರು. ಬೊಂಬಿನ ಮೇಲಿದ್ದವರು ಹಗ್ಗಕ್ಕೆ ಕೈ ಹಾಕಿದರು.

ಸುನಂದಾ ರಂಗದ ಕಟ್ಟೆಯ ಮೇಲೆ ಹೋಗಿ ಕೂತಳು. ಪೂಜಿತಾ ಬ್ಯಾನರಿನ ಕೆಳಗೆ ಯಾವ ಹೆದರಿಕೆಯೂ ಇಲ್ಲದೆ ಮಂಡಕ್ಕಿ ತಿನ್ನುತ್ತಿದ್ದಳು. ಕುರುಗೋಡಿನಲ್ಲಿ ಕಣ್ಣೀರು ಹಾಕಿದ ಹುಡುಗಿ, ಇಲ್ಲಿ ಇಪ್ಪತ್ತು ಅಡಿಯ ಅದೇ ತಾತನ ಕೆಳಗೆ ಕಾಲು ಚಾಚಿ ಕೂತಿದ್ದಾಳೆ. ಯಾಕೆ ಹೆದರುತ್ತಿಲ್ಲ? ಸುನಂದಾ ಕಟ್ಟೆಯ ಅಂಚನ್ನು ನೋಡಿದಳು, ಪೇಟಿ ಇಡುವ ಜಾಗವನ್ನು. ಅಲ್ಲಿ ಕೂತವನ ಬಲಗೆನ್ನೆ ಜನರ ಕಡೆ. ಎಡಗೆನ್ನೆ ಪಾತ್ರಧಾರಿಗಳ ಕಡೆ. ಮನೆಯಲ್ಲೂ ಹಾಗೇ: ಬಂದವರು ಬಲಕ್ಕೆ, ಕಲಿಯುವವರು ಎಡಕ್ಕೆ, ಗೋಡೆಯ ಕಡೆಗೆ. ಗೋಡೆಯ ಕಡೆ ಬಯ್ಯುತ್ತಿದ್ದದ್ದು ಆ ಎಡಗೆನ್ನೆಯೇ!

ಒಂದು ಜೀವಮಾನವಿಡೀ ಆ ಮನುಷ್ಯ ಒಂದು ಅರ್ಧ ಮುಖದಿಂದ ಜನರಿಗೆ, ಎಲ್ಲ ಸರಿಯಿದೆ, ನಾಟಕ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳುತ್ತ ಬಂದಿದ್ದರು. ಇನ್ನೊಂದು ಅರ್ಧದಿಂದ, ಮಾತು ಮರೆತ ದೇಸಾಯಿಯನ್ನೂ ತಾಳ ತಪ್ಪಿದ ನಾಯಕನನ್ನೂ ಹುರಿದು ಮುಕ್ಕುತ್ತ ಬಂದಿದ್ದರು. ಹುಬ್ಬಿನಿಂದ ಎತ್ತಿಕೊಡುವುದು, ಕಣ್ಣಿನಿಂದ ಹೊಡೆಯುವುದು, ಕೆನ್ನೆಯಿಂದ ಬಯ್ಯುವುದು. ಅವಳು ಆ ಅರ್ಧವನ್ನು ಕತ್ತರಿಸಿ ಎಸೆದು, ಮಾಸ್ತರನ್ನು ಎರಡೂ ಕಡೆಯಿಂದ ಪ್ರೇಕ್ಷಕರಿಗೇ ಕೊಟ್ಟುಬಿಟ್ಟಿದ್ದಳು.

ಅವಳು ಎದ್ದು ನಿಂತು, ಸ್ವಲ್ಪ ತಡೆಯಿರಿ ಎಂದು ಬೊಂಬಿನ ಮೇಲಿದ್ದವರಿಗೆ ಕೂಗಿ, ತಾಲೀಮಿನಲ್ಲಿ ಮಾಸ್ತರ ಎದುರು ನಿಂತು ಯಾರಾದರೂ ಫೋನಿನಲ್ಲಿ ಹಿಡಿದಿದ್ದೀರಾ ಅಂತ ಕೇಳಿದಳು. ಮಾಸ್ತರ ಎದುರು ಫೋನು ಹಿಡಿಯುವುದೆಂದರೆ ಹುಲಿಯ ಬಾಯಿಗೆ ಥರ್ಮಾಮೀಟರು ಇಟ್ಟ ಹಾಗೆ. ಕೊನೆಗೆ ಜಡೆಪ್ಪ ತಲೆ ಕೆರೆದುಕೊಂಡು ಮುಂದೆ ಬಂದ. ತಾಲೀಮು ಅಂತ ಹೇಳಿ ಎಲ್ಲಿ ಕುಡಿಯಾಕ ಹೋಗ್ತಿ ಅಂತ ಹೆಂಡತಿ ಅನುಮಾನ ಪಟ್ಟದ್ದಕ್ಕೆ, ಸಾಕ್ಷಿಗೆಂದು ಒಂದು ವಿಡಿಯೋ ಮಾಡಿಕೊಂಡಿದ್ದನಂತೆ. ತೆರೆದ. ಜಡೆಪ್ಪನ ಬೆರಳು, ಪೇಟಿ, ಆಮೇಲೆ ಮಾಸ್ತರು ತಲೆಯೆತ್ತಿ ನೇರ ಫೋನನ್ನೇ ನೋಡಿದ ಒಂದು ಕ್ಷಣ. ನಂತರ ಹಾರಿ ಬಂದ ತಾಳ, ನಂತರ ಕತ್ತಲು.

ಆ ಒಂದು ಕ್ಷಣ ಸಾಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಮುದ್ರಿಸುವ ಎರ್ರಣ್ಣ ಸುನಂದಾಳಿಗೆ ಹಳೆಯ ಪರಿಚಯ. ಅವನ ಕಂಪ್ಯೂಟರಿನ ಮುಂದೆ ಕೂತು ಎಡ ಅರ್ಧವನ್ನು ಎತ್ತಿದಳು. ಫೋನಿನ ಚಿತ್ರ, ಇಪ್ಪತ್ತು ಅಡಿಗೆ ಹಿಗ್ಗಿಸಿದರೆ ಚುಕ್ಕಿಗಳು ಜೋಳದ ಕಾಳಿನಷ್ಟಾದವು. ಎರ್ರಣ್ಣ ತಲೆ ಚಚ್ಚಿಕೊಂಡು, “ಏಂಟಮ್ಮಾ ಇದಿ, ಏನಮ್ಮಾ ಇದು, ಇದನ್ನ ಪ್ರಿಂಟ್ ಮಾಡಿದ್ರ ನನ್ನ ಅಂಗಡಿ ಮರ್ಯಾದಿ ಏನಾಗ್ಬೇಕು,” ಅಂದ. ಅವಳು, ಅಣ್ಣಾ, ಮರ್ಯಾದೆ ಬಿಡು, ಹುಬ್ಬು ನೋಡು ಅಂದಳು. ಹುಬ್ಬು ಕುಡುಗೋಲಿನ ಹಾಗೆ ಮೇಲೆದ್ದಿತ್ತು. ಕಣ್ಣು ಕೆಂಡ. ಕೆನ್ನೆಯಲ್ಲಿ ಮಡಿಕೆಯ ಮೇಲೆ ಮಡಿಕೆ, ಪ್ರತಿಯೊಂದೂ ಒಬ್ಬೊಬ್ಬ ನಟನ ಹೆಸರಿನದು. ಎರ್ರಣ್ಣ ಮಷಿನ್ನು ಚಾಲೂ ಮಾಡಿದ.

ಎಡ ಅರ್ಧದ ಆ ಫ್ಲೆಕ್ಸ್ ಪಟ್ಟಿಯನ್ನು ಬೊಂಬಿನ ಮೇಲೆ ಹತ್ತಿದವರು ಗಮ್ ಹಚ್ಚಿ ಶಾಂತಮೂರ್ತಿಯ ಎಡಮುಖದ ಮೇಲೆ ಅಂಟಿಸಿದರು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಸುನಂದಾ ಕೆಳಗಿನಿಂದ ಇತ್ತ, ಅತ್ತ ಅಂತ ಕೂಗಿ ಕೂಗಿ ಗಂಟಲು ಹರಿದುಕೊಂಡರೂ ಪಟ್ಟಿ ನೆಟ್ಟಗೆ ಕೂರಲಿಲ್ಲ. ಮೂಗಿನ ನಡುವೆ ಉದ್ದಕ್ಕೂ ಹೊಲಿಗೆ ಬಿದ್ದ ಗೆರೆ. ಒಂದು ಕಡೆ ನುಣುಪು, ಒಂದು ಕಡೆ ಒರಟು. ಒಂದು ಹೊಳ್ಳೆ ಮೇಲೆ, ಒಂದು ಹೊಳ್ಳೆ ಕೆಳಗೆ. ಕಸುಬಿನ ಲೆಕ್ಕದಲ್ಲಿ ಇಷ್ಟು ಕೆಟ್ಟ ಕೆಲಸವನ್ನು ಅವಳು ಎಂದೂ ಮಾಡಿರಲಿಲ್ಲ.

ಎಲ್ಲರೂ ಹಿಂದೆ ಸರಿದು ನಿಂತರು. ಹೊನ್ನೂರಮ್ಮ ತನ್ನ ಬಾಣಲೆಯ ಕಡೆಯಿಂದ ನೋಡಿ ಮತ್ತೆ ಮಿರ್ಚಿ ಕರಿಯತೊಡಗಿದಳು. ಅವಳ ಕಡೆಯ ಮಾಸ್ತರು ಅಲ್ಲೇ ಇದ್ದರು. ಗಾದಿಲಿಂಗಪ್ಪ ಇನ್ನೊಂದು ಕಡೆಗೆ, ಎಡಗಣ್ಣಿನ ನೇರಕ್ಕೆ ಬಂದು ತಲೆಯೆತ್ತಿದರು. ಎತ್ತಿದವರು ಸ್ವಲ್ಪ ಬೆನ್ನು ನೆಟ್ಟಗೆ ಮಾಡಿದರು. ಪಂಚೆಯ ಚುಂಗು ಸರಿ ಮಾಡಿಕೊಂಡರು. ಆಮೇಲೆ, ತಮಗೂ ಗೊತ್ತಿಲ್ಲದ ಹಾಗೆ, ಆ ರಸ್ತೆಯ ನಡುವೆ, ಆಟೋಗಳ ಹಾರ್ನಿನ ನಡುವೆ, ದೇಸಾಯಿ ಶುರುವಾದ:

“ಈ ಊರಿನ ಗಾಳಿಯೂ ನನ್ನ ಅಪ್ಪಣೆ ಇಲ್ಲದೆ ಬೀಸದು! ಈ ಹೊಳೆಯೂ ನನ್ನನ್ನು ಕೇಳದೆ ಹರಿಯದು!”

ಅಲ್ಲಿಂದ ಒಂದು ಪುಟ ಮಾತು ಉಸಿರು ಬಿಡದೆ ಹೇಳಿದರು. ಪ್ರತಿ ವರ್ಷ ತಪ್ಪುತ್ತಿದ್ದ ಜಾಗದಲ್ಲೂ ತಪ್ಪಲಿಲ್ಲ. ಜಡೆಪ್ಪ ತನ್ನ ಸರದಿ ಬಂದಾಗ ಕೈಕಟ್ಟಿ, ಅಪ್ಪಣೆ ಧಣಿ ಅಂದುಬಿಟ್ಟ. ಹುಲುಗೇಶನಿಗೂ ತಡೆಯಲಾಗಲಿಲ್ಲ, ನಾಯಕನ ಪ್ರವೇಶ ಅಲ್ಲೇ ಇತ್ತು. ಆಟೋದವರು ಚಪ್ಪಾಳೆ ತಟ್ಟಿದರು. ಮಾತು ಮುಗಿದ ಮೇಲೆ ಸಾವ್ಕಾರರು ಬೆವರು ಒರೆಸಿಕೊಂಡು, ಸುನಂದಾಳ ಕಡೆ ತಿರುಗದೆ, ಇನ್ನೊಂದು ಫ್ಲೆಕ್ಸನ್ನು ಎತ್ತಿಟ್ಟುಬಿಡಿ ಎಂದರು. ಹೊನ್ನೂರಮ್ಮ ಅದನ್ನು ಎತ್ತಿಡುವ ಜವಾಬ್ದಾರಿ ತಾನೇ ವಹಿಸಿಕೊಂಡು, ತನ್ನ ಅಂಗಡಿಗೆ ಚಪ್ಪರ ಮಾಡಿಕೊಂಡಳು. ಅವತ್ತಿನಿಂದ ಸಂಘದ ನಲವತ್ತೆರಡು ಮಂದಿ ಮಿರ್ಚಿ ಬಾಣಲೆಯೊಳಕ್ಕೆ ಬಗ್ಗಿ ನೋಡುತ್ತ ಕೈಮುಗಿದುಕೊಂಡಿದ್ದಾರೆ.

ಸಂಜೆ ಮಾಸ್ತರು ರೀಡು ರಿಪೇರಿಯ ಚೀಲ ಹಿಡಿದು ಜೀಪಿನಿಂದ ಇಳಿದರು. ಇಳಿದವರು ತಮ್ಮ ಇಪ್ಪತ್ತು ಅಡಿಯನ್ನು ನೋಡಿದರು. ಬಸ್‌ಸ್ಟ್ಯಾಂಡಿನ ಕಡೆಯ ದಾರಿಗೆ ಜಡೆಪ್ಪ ಮೊದಲೇ ಅಡ್ಡ ನಿಂತಿದ್ದ. ಆದರೆ ಮಾಸ್ತರು ಓಡಲಿಲ್ಲ. ಮೊದಲು ಬಲಕ್ಕೆ ಹೋಗಿ ನೋಡಿದರು. ಆಮೇಲೆ ಎಡಕ್ಕೆ ಹೋಗಿ ನೋಡಿದರು. ಎಡಗಡೆಯಲ್ಲಿ ಹೆಚ್ಚು ಹೊತ್ತು ನಿಂತರು.

“ಇಷ್ಟು ಕೆಟ್ಟ ಮಾರಿ ನೋಡ್ಕೋತ ಹೆಂಗ ಕಲ್ತ್ರಲೇ ನೀವು?” ಅಂದರು ಸಂಘದವರಿಗೆ, ಮೆಲ್ಲಗೆ.

ಗಾದಿಲಿಂಗಪ್ಪ ಮೂಗು ಒರೆಸಿಕೊಂಡರು, ನೆಗಡಿ ಅಂದರು.

ಮಾಡಿದವರು ಯಾರು ಅಂತ ಮಾಸ್ತರು ವಿಚಾರಿಸಿದಾಗ ಎಲ್ಲರೂ ಸುನಂದಾಳನ್ನು ಮುಂದಕ್ಕೆ ನೂಕಿದರು. ಅವಳು ಹೋಗಿ, ಹಾಡಿನ ನೆಪ ಹೇಳಿ ಮೋಸ ಮಾಡಿದ್ದಕ್ಕೆ ನಾಚಿಕೊಂಡು, ಅವರ ಬಲಗಡೆ ನಿಂತು ಕೈಮುಗಿದಳು. ಮಾಸ್ತರು ಅವಳನ್ನು ಗುರುತಿಸಿದರು. ಭುಜ ಹಿಡಿದು ತಿರುಗಿಸಿ, ತಮ್ಮ ಎಡಗಡೆಗೆ ತಂದು ನಿಲ್ಲಿಸಿದರು. ಹುಬ್ಬು ಮೇಲೆದ್ದಿತು. ಕುರುಗೋಡಿನಲ್ಲಿ ಅಂದ ‘ತಾಯಿ’, ‘ಬರ್ರಿ’, ‘ಕುಂದರ್ರಿ’ ಎಲ್ಲ ಎಲ್ಲಿಗೋ ಹೋದವು.

“ಎಲ್ಲಾ ಬರೋಬರಿ ಮಾಡಿ ಮೂಗು ಸೊಟ್ಟ ಹಚ್ಚೀಯಲ್ಲಲೇ, ಹುಚ್ಚಿ. ಕಣ್ಣು ಎಲ್ಲಿ ಇಟ್ಟಿದ್ದಿ? ಮುಂದಿನ ಸಲ ಹಿಂಗ ಮಾಡಿದ್ರ ಕೈ ಮ್ಯಾಲೆ ಹೊಡೀತೀನಿ.”

ಅವಳ ಹಿಂದೆ ಸಂಘದವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಹುಲುಗೇಶ್ ಪಕ್ಕಕ್ಕೆ ಬಂದು, “ಆತಕ್ಕ, ನಿನ್ನನ್ನ ಸೇರಿಸ್ಕಂಡ್ರು. ನಮಗೂ ಹಿಂಗ ಶುರು ಆಗಿದ್ದು,” ಅಂತ ಪಿಸುಗುಟ್ಟಿದ. ಒಳಗೆ ಪೇಟಿಯ ಸದ್ದು ಎದ್ದಿತು. ಶಾಲು ಹೊದಿಸುವವರು ಬರುವ ಮೊದಲೇ ಮಾಸ್ತರು ತಮ್ಮ ಜಾಗದಲ್ಲಿ ಕೂತಾಗಿತ್ತು, ಬಲಗೆನ್ನೆ ಜನರಿಗೆ ಕೊಟ್ಟು.

ಸುನಂದಾ ಮತ್ತೆ ರಸ್ತೆಯ ಕಡೆಗೆ ಬಂದಳು. ಕಣ್ಣು ಒದ್ದೆಯಾಗಿತ್ತೋ ಮಿರ್ಚಿ ಹೊಗೆಯೋ. ಪೂಜಿತಾ ಬ್ಯಾನರಿನ ಕೆಳಗೆ, ಈ ಸಲ ಜಾಗ್ರತೆಯಿಂದ ಬಲಗೆನ್ನೆಯ ಕೆಳಗೇ ಕೂತು, ತಲೆಯೆತ್ತಿ ನೋಡುತ್ತಿದ್ದಳು.

“ಇದರಾಗ ನೀನು ಮಾಡಿದ್ದು ಯಾವುದಮ್ಮಾ?”

ಸುನಂದಾ ಈ ಸಲ ಹುಡುಕಲಿಲ್ಲ. ಒಂದು ಅರ್ಧ ಹೊನ್ನೂರಮ್ಮನ ಕಡೆಯವರದು, ಇನ್ನೊಂದು ಅರ್ಧ ಸಾವ್ಕಾರರ ಕಡೆಯವರದು. ಬೆರಳು ಎತ್ತಿ ನಡುವೆ ತೋರಿಸಿದಳು.

“ಆ ಸೊಟ್ಟ ಮೂಗು,” ಅಂದಳು.